ಅರಸನ ಚೌಕಟ್ಟು, ಹಳೆಯ ಚಿಂದಿ: ಕಪ್ಪುವರ್ಣೀಯರ ಭಾವಚಿತ್ರಗಳ ಕುರಿತು ಒಂದು ವಿಮರ್ಶೆ

ಯಾರ ಚಿತ್ರ ಗೋಡೆಯ ಮೇಲಿದೆ ಎಂಬುದನ್ನು ನೋಡಿದರೆ ಒಂದು ಸಮುದಾಯವು ಯಾರನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಬಯಸುತ್ತದೆ ಎಂಬುದು ತಿಳಿಯುತ್ತದೆ. ನಾವು ಸೇವೆ ಮಾಡುತ್ತಿರುವ ದಕ್ಷಿಣ ಬೆಂಗಳೂರಿನ ಸಭೆಗಳಲ್ಲಿ ಸಭಾಂಗಣದ ಗೋಡೆಗೆ ಹಿಂದಿನ ಸಭಾಪಾಲಕರ ಪಟಗಳು ಸಾಲಾಗಿ ತೂಗುತ್ತವೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕ್ರೈಸ್ತರ ಮನೆಗಳಿಗೆ ಪ್ರಾರ್ಥನೆಗೆಂದು ಹೋದರೆ ಅಮೆರಿಕದ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ಕ್ರಿಸ್ತನ ಮುಖದ ಅಚ್ಚುಪ್ರತಿ ಇಂದಿಗೂ ಕಾಣಸಿಗುತ್ತದೆ. ಆ ತಿಳಿಗಂದು ಕೂದಲು ಮತ್ತು ಬೆಳ್ಳನೆಯ ಹಣೆ ನಮ್ಮ ಜನರ ಕಣ್ಣಿಗೆ ಎಷ್ಟು ಒಗ್ಗಿಹೋಗಿವೆಯೆಂದರೆ, ಅದು ಒಬ್ಬ ಚಿತ್ರಕಾರನ ಕಲ್ಪನೆ ಎಂಬುದೇ ಮರೆತುಹೋಗಿದೆ.

ಕಳೆದ ಎರಡು ದಶಕಗಳಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಇದಕ್ಕೆ ಎದುರಾದ ಒಂದು ಕಲಾಪ್ರಯತ್ನ ನಡೆಯುತ್ತಿದೆ. ಚರಿತ್ರೆಯು ಕಡೆಗಣಿಸಿದ ಕಪ್ಪುವರ್ಣೀಯ ಸ್ತ್ರೀಪುರುಷರನ್ನು ಇಂದಿನ ಚಿತ್ರಕಾರರು ಹುಡುಕಿ, ಅವರಿಗೆ ಮುಖ ಕೊಟ್ಟು, ಗೌರವದ ಸ್ಥಳದಲ್ಲಿ ನಿಲ್ಲಿಸುತ್ತಿದ್ದಾರೆ. ದೈವಶಾಸ್ತ್ರದ ವಿದ್ಯಾರ್ಥಿಗಳಿಗೂ ಸಭಾಪಾಲಕರಿಗೂ ಇದು ದೂರದ ವಿಷಯವಾಗಿ ತೋರಬಹುದು. ಆದರೆ ಆಫ್ರಿಕ ಮೂಲದ ಜನರು ಕರ್ನಾಟಕದ ಚರಿತ್ರೆಯೊಳಗಿದ್ದಾರೆ. ಕ್ರಿಸ್ತನ ಸಭೆಯೊಳಗೂ ಇದ್ದಾರೆ. ಮನುಷ್ಯನು ದೇವಸ್ವರೂಪದಲ್ಲಿ ಉಂಟುಮಾಡಲ್ಪಟ್ಟನೆಂಬ ಬೋಧನೆಯನ್ನು ನಾವು ಒಪ್ಪಿದ್ದೇವಾದ್ದರಿಂದ, ಒಬ್ಬನ ಮುಖವನ್ನು ಹೇಗೆ ನೋಡುತ್ತೇವೆ ಎಂಬುದು ನಮಗೆ ಬರಿಯ ಕಲೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಈ ಚಿತ್ರಗಳನ್ನು ನಾವು ಸಂತೋಷದಿಂದ ಸ್ವೀಕರಿಸುತ್ತೇವೆ. ಆದರೆ ಅವುಗಳಲ್ಲಿ ಒಂದು ಕೊರತೆಯೂ ಇದೆಯೆಂದು ನಮ್ಮ ಭಾವನೆ. ಮರೆತವರನ್ನು ಗೌರವಿಸುವಾಗ ಅವು ಬಹುಮಟ್ಟಿಗೆ ಅರಸರನ್ನು ಗೌರವಿಸಲು ಹುಟ್ಟಿದ ಭಾಷೆಯನ್ನೇ ಬಳಸುತ್ತವೆ. ಆ ಭಾಷೆಯು ಎಷ್ಟು ದೂರ ನಡೆಯಬಲ್ಲದು, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಸತ್ಯವೇದದ ಬೆಳಕಿನಲ್ಲಿ ನೋಡುವುದು ಈ ಬರಹದ ಉದ್ದೇಶ.

ಇಂಗ್ಲೆಂಡಿನ ಆರು ಚಿತ್ರಗಳು

ಪುರಾತನ ಕೋಟೆ, ಮಠ, ಅರಮನೆಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು 2021ರಲ್ಲಿ ಆರು ಭಾವಚಿತ್ರಗಳನ್ನು ಆಯಾ ವ್ಯಕ್ತಿಗೆ ಸಂಬಂಧಪಟ್ಟ ಸ್ಥಳಗಳಲ್ಲಿ ಪ್ರದರ್ಶಿಸಿತು. ರೋಮ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್, ಕ್ಯಾಂಟರ್ಬರಿಯ ಮಠಾಧಿಪತಿ ಹೇಡ್ರಿಯನ್, ಸೇವಕ ಜೇಮ್ಸ್ ಚಾಪೆಲ್, ಶ್ರೀಮಂತ ಮನೆತನದಲ್ಲಿ ಬೆಳೆದ ಡೈಡೊ ಬೆಲ್, ವಿಕ್ಟೋರಿಯ ರಾಣಿಯ ಆಶ್ರಯ ಪಡೆದ ಸಾರಾ ಫೋರ್ಬ್ಸ್ ಬೊನೆಟ್ಟಾ, ಮೊದಲ ಮಹಾಯುದ್ಧದ ಸೈನಿಕ ಆರ್ಥರ್ ರಾಬರ್ಟ್ಸ್ ಇವರೇ ಆ ಆರು ಮಂದಿ.

ಇವುಗಳಲ್ಲಿ ಎರಡು ಬಗೆಯ ಕೆಲಸವಿದೆ. ಡೈಡೊ ಬೆಲ್‌ಳನ್ನು ಹದಿನೆಂಟನೆಯ ಶತಮಾನದಲ್ಲೇ ಚಿತ್ರಿಸಿದ್ದರು. ಆದರೆ ಆ ಪ್ರಸಿದ್ಧ ಚಿತ್ರದಲ್ಲಿ ಅವಳ ಬಂಧುವಾದ ಬಿಳಿಯ ಹುಡುಗಿಯೇ ಮುಂದೆ ಇದ್ದು, ಡೈಡೊ ಹಣ್ಣುಗಳನ್ನು ಹಿಡಿದು ಅವಳ ಪಕ್ಕದಿಂದ ಸರಿದುಹೋಗುತ್ತಿರುವಂತೆ ಕಾಣುತ್ತಾಳೆ. ಮಿಕೇಲಾ ಹೆನ್ರಿ-ಲೋ ಬರೆದ ಹೊಸ ಚಿತ್ರದಲ್ಲಿ ಅವಳೇ ವಿಷಯ. ಸಾರಾ ಬೊನೆಟ್ಟಾಳ ಚಿತ್ರಕ್ಕೆ ಹನ್ನಾ ಉಜೋರ್ ಅವರು 1862ರ ಛಾಯಾಚಿತ್ರವನ್ನು ಆಧಾರವಾಗಿ ತೆಗೆದುಕೊಂಡರು. ಇಲ್ಲಿ ಚಿತ್ರಕಾರರು ಮಾಡುವುದು ಸ್ಥಾನಪಲ್ಲಟ: ಅಂಚಿನಲ್ಲಿದ್ದವರನ್ನು ನಡುವಿಗೆ ತರುವುದು.

ಹೇಡ್ರಿಯನ್ನನದು ಬೇರೆ ಬಗೆ. ಅವನು ಆಫ್ರಿಕದವನೆಂದು ಚರಿತ್ರೆಕಾರ ಬೀಡನು ದಾಖಲಿಸಿದ್ದಾನೆ. ಕ್ಯಾಂಟರ್ಬರಿಯ ಪ್ರಧಾನ ಬಿಷಪ್ಪನ ಪದವಿಯನ್ನು ಪೋಪರು ಕೊಡಲು ಬಂದಾಗ ತಾನು ಒಲ್ಲೆನೆಂದು ಥಿಯೊಡೋರನ ಹೆಸರನ್ನು ಸೂಚಿಸಿದವನು. ಏಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಗ್ರೀಕ್, ಲ್ಯಾಟಿನ್ ಕಲಿಕೆಯ ದೊಡ್ಡ ಶಾಲೆಯೊಂದನ್ನು ಬೆಳೆಸಿದವನು. ಅವನ ಕಾಲದ ಚಿತ್ರ ಯಾವುದೂ ನಮಗೆ ಉಳಿದಿಲ್ಲ. ಕ್ಲಿಫ್ಟನ್ ಪವೆಲ್ ಅವರು ಬರೆದ ಮುಖವು ಪೂರ್ಣವಾಗಿ ಕಲ್ಪನೆಯದು. ಉತ್ತರ ಆಫ್ರಿಕದವನೆಂದಮಾತ್ರಕ್ಕೆ ಅವನ ಬಣ್ಣ ಇಂಥದೇ ಎಂದು ಹೇಳಲಾಗದೆಂಬ ಆಕ್ಷೇಪಣೆಗೆ ಚಾರಿತ್ರಿಕವಾಗಿ ತೂಕವಿದೆ. ಆದರೆ ಆ ಆಕ್ಷೇಪಣೆಯನ್ನು ಎತ್ತುವವರು ಸಾಲ್ಮನ್ನನ ಕ್ರಿಸ್ತನ ಮುಂದೆಯೂ ಅದನ್ನು ಎತ್ತಬೇಕಾಗುತ್ತದೆ. ಗಲಿಲಾಯದ ಯೆಹೂದ್ಯನಿಗೆ ಉತ್ತರ ಯೂರೋಪಿನ ಮುಖ ಕೊಟ್ಟಾಗ ಪುರಾವೆ ಕೇಳದ ನಾವು, ಆಫ್ರಿಕದ ಮಠಾಧಿಪತಿಗೆ ಕಪ್ಪು ಮುಖ ಕೊಟ್ಟಾಗ ಮಾತ್ರ ಪುರಾವೆ ಕೇಳುವುದು ನ್ಯಾಯವಲ್ಲ. ಪುರಾವೆ ಇಲ್ಲದ ಕಡೆ ಎಲ್ಲ ಭಾವಚಿತ್ರಗಳೂ ಒಂದು ನಂಬಿಕೆಯನ್ನೇ ಹೇಳುತ್ತವೆ.

ನಮ್ಮ ತಕರಾರು ಇರುವುದು ಸೆವೆರಸ್ಸನ ವಿಷಯದಲ್ಲಿ. ಉತ್ತರ ಆಫ್ರಿಕದ ಲೆಪ್ಟಿಸ್ ಮಾಗ್ನಾದಲ್ಲಿ ಹುಟ್ಟಿ ರೋಮಿನ ಸಿಂಹಾಸನವನ್ನೇರಿದ ಆತನ ಚಿತ್ರವು ಈ ಸಾಲಿನಲ್ಲಿ ಸಹಜವಾಗಿ ಬರುತ್ತದೆ. ಸಭೆಯ ಚರಿತ್ರೆಯನ್ನು ಓದಿದವರಿಗೆ ಆ ಹೆಸರಿನೊಡನೆ ಇನ್ನೊಂದು ಹೆಸರು ನೆನಪಾಗುತ್ತದೆ. ಅವನ ಆಳ್ವಿಕೆಯಲ್ಲೇ, 203ರಲ್ಲಿ, ಅದೇ ಆಫ್ರಿಕದ ಕಾರ್ಥೇಜಿನಲ್ಲಿ, ಅವನ ಮಗ ಗೇಟನ ಹುಟ್ಟುಹಬ್ಬದ ಕ್ರೀಡೆಗಳಿಗಾಗಿ ಪೆರ್ಪೆತುವಳೊಡನೆ ಫೆಲಿಸಿತಾ ಎಂಬ ದಾಸಿಯನ್ನು ಮೃಗಗಳ ಮುಂದೆ ನಿಲ್ಲಿಸಿದರು. ಅವಳು ಸೆರೆಮನೆಯಲ್ಲಿ ಹೆಣ್ಣುಮಗುವನ್ನು ಹೆತ್ತು ಕೆಲವೇ ದಿನಗಳಾಗಿದ್ದವು. ಆಫ್ರಿಕದ ಮಗನೆಂದು ಚಕ್ರವರ್ತಿಗೆ ಚಿತ್ರ; ಆಫ್ರಿಕದ ಮಗಳಾದ ದಾಸಿಗೆ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಪುರಾತನ ಸ್ಮಾರಕಗಳ ಸಂಸ್ಥೆಯಲ್ಲ, ಸಭೆ. ಏಕೆಂದರೆ ಸಭೆಯು ತನ್ನ ಪ್ರಾರ್ಥನೆಯಲ್ಲಿ ನೆನೆಯುತ್ತ ಬಂದದ್ದು ಸೆವೆರಸ್ಸನನ್ನಲ್ಲ, ಫೆಲಿಸಿತಾಳನ್ನು.

ಆರರಲ್ಲಿ ನಮಗೆ ಬಹಳ ಹಿಡಿಸುವುದು ಗ್ಲೋರಿ ಸಾಮ್‌ಜೊಲಿ ಬರೆದ ಜೇಮ್ಸ್ ಚಾಪೆಲ್ಲನ ಚಿತ್ರ. 1672ರಲ್ಲಿ ಗರ್ನ್ಸಿ ದ್ವೀಪದ ಕೋಟೆಯಲ್ಲಿ ಮದ್ದಿನ ಮನೆ ಸಿಡಿದಾಗ ತನ್ನ ಯಜಮಾನನನ್ನು ಅವಶೇಷಗಳಡಿಯಿಂದ ಕಾಪಾಡಿದ ಸೇವಕ ಇವನು. ಪದವಿಯಿಂದಲ್ಲ, ಒಂದು ಕೃತ್ಯದಿಂದ ನೆನಪಾಗಿ ಉಳಿದವನು. ಈತನಂಥವನನ್ನೇ ಸತ್ಯವೇದದಲ್ಲಿ ಮುಂದೆ ನೋಡಲಿದ್ದೇವೆ.

ಅರಸರ ಭಾಷೆಯಲ್ಲಿ ಗೌರವಿಸುವುದೇ ತಪ್ಪೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಅಮೆರಿಕದ ಕೆಹಿಂಡೆ ವೈಲಿ ಅವರು ಬೀದಿಯಲ್ಲಿ ಕಂಡ ಕಪ್ಪುವರ್ಣೀಯ ಯುವಕರನ್ನು ಅವರು ತೊಟ್ಟ ಬಟ್ಟೆಯಲ್ಲೇ ನೆಪೋಲಿಯನ್ನನ ಕುದುರೆಯ ಮೇಲೆ ಕೂರಿಸಿದಾಗ, ಆ ಕುದುರೆಯನ್ನು ಯಾರಿಗೆ ನಿರಾಕರಿಸಲಾಗಿತ್ತು ಎಂಬುದು ಒಮ್ಮೆಲೇ ಹೊಳೆಯುತ್ತದೆ. ನಮ್ಮ ನಾಡಿನಲ್ಲೂ ಇದರ ಬಲವನ್ನು ಅರಿಯಬಹುದು. ಬಾಬಾಸಾಹೇಬ ಅಂಬೇಡ್ಕರರನ್ನು ದಲಿತ ಕೇರಿಗಳ ಪ್ರತಿಮೆಗಳು ಸೂಟು, ಟೈ, ಕೈಯಲ್ಲಿ ಸಂವಿಧಾನದೊಡನೆ ನಿಲ್ಲಿಸುವುದು ಮೇಲಿನವರ ಅನುಕರಣೆಯಿಂದಲ್ಲ. ಒಳ್ಳೆಯ ಬಟ್ಟೆ ತೊಡುವುದೇ ಅಪರಾಧವೆನಿಸಿದ್ದ ಜನರ ಪಾಲಿಗೆ ಆ ಉಡುಪು ಒಂದು ಘೋಷಣೆ. ಅರಸನ ಚೌಕಟ್ಟು ಹುಟ್ಟಿನಿಂದಲೇ ದಕ್ಕಿದವರು ಅದನ್ನು ಹಗುರವಾಗಿ ತಳ್ಳಿಹಾಕಬಾರದು. ನಮ್ಮ ಪ್ರಶ್ನೆ ಇಷ್ಟೇ: ಆ ಚೌಕಟ್ಟಿನೊಳಗೆ ಎಂದೂ ಬರಲಾರದವರನ್ನು ಯಾವ ಭಾಷೆಯಲ್ಲಿ ಗೌರವಿಸೋಣ?

ಬಿಜಾಪುರದ ಆನೆಯ ಮೇಲೆ

ಈ ಪ್ರಶ್ನೆಯನ್ನು ಕೇಳಲು ಕರ್ನಾಟಕಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಯೂರೋಪಿನ ಚಿತ್ರಗಳಲ್ಲಿ ಕಪ್ಪುವರ್ಣೀಯರು ಬಹುಮಟ್ಟಿಗೆ ಸೇವಕರಾಗಿ ಅಂಚಿನಲ್ಲಿ ನಿಂತಿದ್ದ ಹದಿನೇಳನೆಯ ಶತಮಾನದಲ್ಲಿ, ಬಿಜಾಪುರದ ಆಸ್ಥಾನದ ಚಿತ್ರಕಾರರು ಆಫ್ರಿಕ ಮೂಲದ ಒಬ್ಬ ಮಂತ್ರಿಯನ್ನು ಮತ್ತೆ ಮತ್ತೆ ಚಿತ್ರಿಸಿದರು. ಆತನೇ ಇಖ್ಲಾಸ್ ಖಾನ್. ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ರಾಜ್ಯದ ಆಡಳಿತವು ಬಹುಪಾಲು ಈತನ ಕೈಯಲ್ಲಿತ್ತು. ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಸುಮಾರು 1645ರಲ್ಲಿ ಬರೆದ ಚಿತ್ರದಲ್ಲಿ ಸುಲ್ತಾನನೂ ಮಂತ್ರಿಯೂ ಒಂದೇ ಆನೆಯ ಮೇಲೆ ಕುಳಿತಿದ್ದಾರೆ. ಮುಂದೆ ಸುಲ್ತಾನ, ಹಿಂದೆ ಇಖ್ಲಾಸ್ ಖಾನ್. ಅಮೆರಿಕದ ಸ್ಯಾನ್ ಡಿಯೇಗೊ ಕಲಾಸಂಗ್ರಹಾಲಯದಲ್ಲಿರುವ ಮತ್ತೊಂದು ಚಿತ್ರದಲ್ಲಿ ಆತ ಕೈಯಲ್ಲಿ ಅರ್ಜಿಯ ಕಾಗದವನ್ನು ಹಿಡಿದು ನಿಂತಿದ್ದಾನೆ. ಮುಖದ ಕಪ್ಪನ್ನು ಚಿತ್ರಕಾರನು ಮರೆಮಾಚಿಲ್ಲ, ಅಣಕಿಸಿಯೂ ಇಲ್ಲ. ಸುಲ್ತಾನನ ಮುಖಕ್ಕೆ ಕೊಡುವ ಗಮನವನ್ನೇ ಇದಕ್ಕೂ ಕೊಟ್ಟಿದ್ದಾನೆ.

ಆದ್ದರಿಂದ ಇಖ್ಲಾಸ್ ಖಾನನಿಗೆ ಮುಖ ಕೊಡುವ ಕೆಲಸ ನಮಗೆ ಉಳಿದಿಲ್ಲ. ಮುಖ ಮೊದಲೇ ಇದೆ. ಗುರುತಿಸುವ ಕಣ್ಣು ನಮ್ಮಲ್ಲಿಲ್ಲ. ಭಾನುವಾರದ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಗೋಲಗುಮ್ಮಟದ ಪ್ರತಿಧ್ವನಿ ಕೇಳಿಸುವ ನಾವು, ಅಲ್ಲಿ ಮಲಗಿದ ಸುಲ್ತಾನನೊಡನೆ ಒಂದೇ ಆನೆಯೇರಿದವನು ಆಫ್ರಿಕದಿಂದ ಬಂದ ಒಬ್ಬ ಗುಲಾಮನ ಸ್ಥಿತಿಯಿಂದ ಮೇಲೆದ್ದವನೆಂದು ಅವರಿಗೆ ಹೇಳುವುದಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರವು 2013ರಲ್ಲಿ ಭಾರತದ ಆಫ್ರಿಕನ್ನರ ಕುರಿತು ಪ್ರದರ್ಶನವೊಂದನ್ನು ಏರ್ಪಡಿಸಿತ್ತು. ಅಲ್ಲಿನ ಕಪ್ಪುವರ್ಣೀಯ ನೋಡುಗರು ದಖನ್ನಿನ ಹಬಶಿ ಸರದಾರರನ್ನು ತಮ್ಮವರೆಂದು ನೋಡಿದರು. ನಾವೂ ಅವರನ್ನು ನಮ್ಮವರೆಂದು ನೋಡಬೇಕಾದವರು.

ಅದೇ ಕಾಲದ ಇನ್ನೊಂದು ಚಿತ್ರವು ಇದಕ್ಕೆ ಪೂರ್ಣ ವಿರುದ್ಧವಾದುದು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಬಿಜಾಪುರದಲ್ಲೂ ಕೆಲಕಾಲ ಸೇವೆಗಿದ್ದು, ಅನಂತರ ಅಹಮದನಗರದ ಆಧಾರಸ್ತಂಭವಾಗಿ ನಿಂತ ಮಲಿಕ್ ಅಂಬರನನ್ನು ಮೊಗಲರು ಸೋಲಿಸಲಾರದೆ ಹೋದರು. ಯುದ್ಧದಲ್ಲಿ ಆಗದ್ದನ್ನು ಜಹಾಂಗೀರನು ಚಿತ್ರದಲ್ಲಿ ಮಾಡಿಸಿಕೊಂಡನು. ಅಬುಲ್ ಹಸನ್ ಸುಮಾರು 1616ರಲ್ಲಿ ಬರೆದ, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಆ ಚಿತ್ರದಲ್ಲಿ ಚಕ್ರವರ್ತಿಯು ಭೂಗೋಲದ ಮೇಲೆ ನಿಂತು, ಭರ್ಜಿಯ ತುದಿಗೆ ಸಿಕ್ಕಿಸಿದ ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿದ್ದಾನೆ. ಚಿತ್ರದೊಳಗಿನ ಪಾರ್ಸಿ ಬರಹಗಳು ಅಂಬರನ ಮೈಬಣ್ಣವನ್ನು ರಾತ್ರಿಗೂ ಕೇಡಿಗೂ ಗಂಟುಹಾಕುತ್ತವೆ. ಅಂಬರನು ಅದಾದ ಮೇಲೆ ಹತ್ತು ವರ್ಷ ಬದುಕಿ 1626ರಲ್ಲಿ ತೀರಿಕೊಂಡನು. ಕಪ್ಪು ಎಂದರೆ ಕೇಡು, ಬೆಳಕು ಎಂದರೆ ಚಕ್ರವರ್ತಿ ಎಂಬ ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಸಭೆಗಳ ಒಳಗೇ ಅದನ್ನು ಮತ್ತೆ ಕಾಣಲಿದ್ದೇವೆ.

ಹೆಸರುಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಅಂಬರ್ ಎಂದರೆ ಒಂದು ಸುಗಂಧದ್ರವ್ಯ. ತಂದೆತಾಯಿ ಇಟ್ಟ ಹೆಸರು ಚಾಪು ಎಂದು ದಾಖಲಾಗಿದೆ; ಅಂಬರ್ ಎಂದು ಕರೆದವನು ಕೊಂಡುಕೊಂಡ ಯಜಮಾನ. ಇಖ್ಲಾಸ್ ಎಂದರೆ ನಿಷ್ಠೆ. ಅದು ಅರಸನಿಗೆ ತೋರಿದ ನಿಷ್ಠೆಯನ್ನು ಹೇಳುವ ಬಿರುದು, ಬಿಜಾಪುರದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದ್ದ ಬಿರುದು. ಫಿಲೆಮೋನನ ದಾಸನಾದ ಒನೇಸಿಮನ ಹೆಸರಿಗೆ ಉಪಯುಕ್ತನೆಂಬ ಅರ್ಥವಿರುವುದನ್ನು ಪತ್ರಿಕೆಗಳ ವ್ಯಾಖ್ಯಾನದಲ್ಲಿ ಓದಿರುವ ನಮಗೆ ಇದು ಪರಿಚಿತವಾದ ಸಂಗತಿ. ಒಡೆಯನಿಗೆ ಏನು ಬೇಕೋ ಅದೇ ಆಳಿನ ಹೆಸರಾಗುತ್ತದೆ. ಭಾವಚಿತ್ರದ ಕೆಳಗೆ ಬರೆದ ಹೆಸರನ್ನು ಕಂಡು ವ್ಯಕ್ತಿಯನ್ನೇ ಕಂಡೆವೆಂದು ಭಾವಿಸುವ ಮೊದಲು, ಆ ಹೆಸರನ್ನು ಇಟ್ಟವರು ಯಾರೆಂದು ಕೇಳಬೇಕು.

ಹೆಸರಿಲ್ಲದ ಮಾದರಿಗಳು

ಇಖ್ಲಾಸ್ ಖಾನನಂತೆ ಆಸ್ಥಾನವನ್ನೇರಿದವರು ಕೆಲವರೇ. ಉಳಿದವರ ಕಥೆ ಉತ್ತರ ಕನ್ನಡದ ಕಾಡಿನಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ ಮೊದಲಾದ ತಾಲ್ಲೂಕುಗಳ ಸಿದ್ದಿಯರ ಪೂರ್ವಿಕರಲ್ಲಿ ಬಹುಮಂದಿಯನ್ನು ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ರೋಮನ್ ಕಥೋಲಿಕರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಸಭೆಯ ಪಾಲನ್ನು ಇಲ್ಲಿ ನಾವು ಮುಚ್ಚಿಡಲಾಗದು. ಗೋವೆಯಲ್ಲಿ ಗುಲಾಮರನ್ನು ಕೊಂಡವರೂ ಕ್ರೈಸ್ತರು, ಕೊಂಡವರಿಗೆ ದೀಕ್ಷಾಸ್ನಾನ ಮಾಡಿಸಿದವರೂ ಕ್ರೈಸ್ತರು. ಆ ಸ್ನಾನದಲ್ಲಿ ಅವರಿಗೆ ಒಂದು ಪೋರ್ಚುಗೀಸ್ ಹೆಸರು ದೊರೆಯಿತು, ಹಿಂದಿನ ಹೆಸರು ನೀರಿನಲ್ಲಿ ಮುಳುಗಿತು. ದೀಕ್ಷಾಸ್ನಾನದಲ್ಲಿ ದೇವರು ಮನುಷ್ಯನನ್ನು ಹೆಸರು ಹಿಡಿದು ಕರೆಯುತ್ತಾನೆಂದು ಬೋಧಿಸುವ ಸಭೆಯು, ಹೆಸರನ್ನು ಕಿತ್ತುಕೊಳ್ಳುವ ಕೆಲಸಕ್ಕೂ ಅದೇ ವಿಧಿಯನ್ನು ಬಳಸಿತು.

ಮುಂದೆ ಛಾಯಾಚಿತ್ರದ ಯುಗ ಬಂದಾಗ ಅಧಿಕಾರಿಗಳೂ ಮಾನವಶಾಸ್ತ್ರಜ್ಞರೂ ಭಾರತದ ಜನಾಂಗಗಳನ್ನು ಮಾದರಿಗಳಾಗಿ ಚಿತ್ರಿಸಿಕೊಂಡರು. ಆ ಚಿತ್ರಗಳಲ್ಲಿ ಮುಖವಿದೆ, ಬೆಳಕಿದೆ, ಸ್ಪಷ್ಟತೆಯಿದೆ. ಆದರೆ ಕೆಳಗೆ ವ್ಯಕ್ತಿಯ ಹೆಸರಿಲ್ಲ, ಜಾತಿಯ ಹೆಸರಿದೆ. ಈ ಬಗೆಯನ್ನು ಬಹಳ ತೀಕ್ಷ್ಣವಾಗಿ ವಿಮರ್ಶಿಸಿದವರು ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು. ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ಮಾಡಿದ, ದಕ್ಷಿಣ ಭಾರತದ ಸ್ತ್ರೀಯರ ಕುರಿತ ಚಿತ್ರಮಾಲೆಯಲ್ಲಿ ಅವರು ತಾವೇ ಬುಡಕಟ್ಟಿನ ಹೆಂಗಸಿನ ವೇಷದಲ್ಲಿ ಅಳತೆಯ ಚೌಕಳಿ ಪರದೆಯ ಮುಂದೆ ನಿಂತರು. ಅಳೆಯಲ್ಪಡುವವಳ ಜಾಗದಲ್ಲಿ ಕಲಾವಿದೆಯೇ ನಿಂತಾಗ ಅಳೆಯುವ ಕಣ್ಣಿಗೆ ನಾಚಿಕೆಯಾಗುತ್ತದೆ. ಮಿಷನ್ ವರದಿಗಳಲ್ಲಿ, ಸಹಾಯನಿಧಿಯ ಕರಪತ್ರಗಳಲ್ಲಿ ಬಡ ಮಕ್ಕಳ ಮುಖವನ್ನು ಹೆಸರಿಲ್ಲದೆ ಅಚ್ಚುಮಾಡುವ ನಮ್ಮ ಸಭೆಗಳೂ ಆ ಪರದೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಹೆಸರು ಅಳಿಸುವುದಕ್ಕೆ ದ್ವೇಷ ಬೇಕೆಂದೇನೂ ಇಲ್ಲ, ಅಭ್ಯಾಸ ಸಾಕು. ಬಿ.ಟಿ.ಎಂ. ಲೇಔಟಿನ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. ಆ ಬಡಾವಣೆಯಲ್ಲಿ ಬಾಡಿಗೆಗಿರುವ ಎಷ್ಟು ಮಂದಿಗೆ ಅದು ಗೊತ್ತು? ನಮ್ಮ ವಸತಿಯ ಕೆಳಗೆಯೇ ಹೂತುಹೋದ ಹೆಸರುಗಳಿರುವಾಗ, ದೂರದ ಹಳಿಯಾಳದ ಕಾಡಿನ ಹೆಸರುಗಳು ನಮಗೆ ಕೇಳಿಸದಿರುವುದರಲ್ಲಿ ಆಶ್ಚರ್ಯವಿಲ್ಲ.

ಕವಂದಿ ಮತ್ತು ಎಬೆದ್ಮೆಲೆಕ

ಅರಸನ ಚೌಕಟ್ಟಿನೊಳಗೆ ಬರಲಾರದವರನ್ನು ಯಾವ ಭಾಷೆಯಲ್ಲಿ ಗೌರವಿಸುವುದೆಂಬ ಪ್ರಶ್ನೆಗೆ ಸಿದ್ದಿ ಮಹಿಳೆಯರು ತಮ್ಮದೇ ಆದ ಒಂದು ಉತ್ತರವನ್ನು ಇಟ್ಟುಕೊಂಡಿದ್ದಾರೆ. ಉತ್ತರ ಕರ್ನಾಟಕದವರು ಕೌದಿ ಎನ್ನುವುದನ್ನು ಅವರು ಕವಂದಿ ಎನ್ನುತ್ತಾರೆ. ಉಟ್ಟು ಸವೆದ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿನ ಕಡೆಗೆ ಕೈಹೊಲಿಗೆಯಲ್ಲಿ ಹೊಲಿಯುತ್ತಾರೆ. ಮೂಲೆಗಳಿಗೆ ಮಡಿಸಿದ ತುಂಡಿನ ಹೂವು ಇಡುತ್ತಾರೆ. ಅದಿಲ್ಲದಿದ್ದರೆ ಕವಂದಿ ಬರಿಮೈಯಂತೆ ಎಂದು ಅವರ ಭಾವನೆ. ಕಥೋಲಿಕ ಮಹಿಳೆಯರು ಕೆಲವೊಮ್ಮೆ ಶಿಲುಬೆಯನ್ನು ಸೇರಿಸುತ್ತಾರೆ. ಹೊಲಿಗೆ ಮಾತ್ರ ಮೂರು ಮತದವರದೂ ಒಂದೇ. ಆಫ್ರಿಕದ ಕಲೆಯ ವಿದ್ವಾಂಸರಾದ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ಈ ಕೌದಿಗಳು 2011ರಲ್ಲಿ ಅದೇ ಶೋಂಬರ್ಗ್ ಕೇಂದ್ರದ ಗೋಡೆಯನ್ನು ಸೇರಿದವು.

ಇದನ್ನು ಭಾವಚಿತ್ರವೆಂದು ಕರೆಯಬಹುದೇ? ಇಲ್ಲಿ ಮುಖವಿಲ್ಲ. ಆದರೆ ಅಜ್ಜಿಯ ಸೀರೆ ಯಾವುದು, ತೀರಿಹೋದ ಅಪ್ಪನ ಅಂಗಿ ಯಾವುದು, ಮಗಳು ಶಾಲೆಗೆ ತೊಟ್ಟುಹೋದ ಲಂಗ ಯಾವುದು ಎಂಬುದು ಆ ಮನೆಯವರ ಕೈಗೆ ಗೊತ್ತಾಗುತ್ತದೆ. ಗ್ಯಾಲರಿಯ ಭಾವಚಿತ್ರವನ್ನು ದೂರದಿಂದ ನಿಂತು ನೋಡುತ್ತೇವೆ. ಕವಂದಿಯನ್ನು ಹೊದ್ದು ಮಲಗುತ್ತೇವೆ. ಒಂದರಲ್ಲಿ ಒಬ್ಬನೇ ವ್ಯಕ್ತಿ ಉಳಿದವರಿಂದ ಬೇರ್ಪಟ್ಟು ಎತ್ತರದಲ್ಲಿ ನಿಲ್ಲುತ್ತಾನೆ. ಇನ್ನೊಂದರಲ್ಲಿ ಇದ್ದವರೂ ಇಲ್ಲದವರೂ ಒಂದೇ ಹೊಲಿಗೆಯಲ್ಲಿ ಸೇರುತ್ತಾರೆ. ಅರಸನ ಭಾಷೆಗೆ ಎಟುಕದ ನೆನಪನ್ನು ಈ ಚಿಂದಿಯ ಭಾಷೆ ಹಿಡಿದಿಟ್ಟಿದೆ.

ಸತ್ಯವೇದದಲ್ಲಿ ಈ ಭಾಷೆಯನ್ನು ಬಲ್ಲ ಒಬ್ಬ ಆಫ್ರಿಕದವನಿದ್ದಾನೆ. ಯೆರೆಮೀಯನ ಗ್ರಂಥದ 38ನೆಯ ಅಧ್ಯಾಯದಲ್ಲಿ ಪ್ರವಾದಿಯನ್ನು ಕೆಸರಿನ ಬಾವಿಗೆ ಇಳಿಬಿಟ್ಟಾಗ, ಯೆಹೂದದ ಪ್ರಧಾನರಲ್ಲಿ ಒಬ್ಬನೂ ಅವನಿಗಾಗಿ ಬಾಯಿ ತೆರೆಯಲಿಲ್ಲ. ಅರಸನ ಮುಂದೆ ನಿಂತು ಇದು ಅನ್ಯಾಯವೆಂದವನು ಅರಮನೆಯ ಕಂಚುಕಿಯಾದ ಕೂಷ್ ದೇಶದವನು. ಅವನನ್ನು ಎಬೆದ್ಮೆಲೆಕನೆಂದು ಕರೆಯಲಾಗಿದೆ. ಇಬ್ರಿಯ ಭಾಷೆಯಲ್ಲಿ ಅದರ ಅರ್ಥ ಅರಸನ ದಾಸ ಎಂದಷ್ಟೇ. ಇಖ್ಲಾಸ್ ಖಾನನಂತೆ ಇವನಿಗೂ ಉಳಿದಿರುವುದು ಒಡೆಯನ ಹಂಗಿನ ಹೆಸರು. ಆದರೆ ಅವನ ಕೃತ್ಯವನ್ನು ಲೇಖಕನು ಎಷ್ಟು ಹತ್ತಿರದಿಂದ ನೋಡಿದ್ದಾನೆಂಬುದನ್ನು ಗಮನಿಸಬೇಕು. ಹಗ್ಗ ಇಳಿಬಿಟ್ಟರೆ ಸಾಕಿತ್ತು. ಅವನು ಮೊದಲು ಅರಮನೆಯ ಬೊಕ್ಕಸದ ಕೆಳಗಿನ ಕೋಣೆಗೆ ಹೋಗಿ ಹರಕು ಬಟ್ಟೆ, ಹಳೆಯ ಚಿಂದಿಗಳನ್ನು ಆರಿಸಿ ತಂದನು. ಅವುಗಳನ್ನು ಕಂಕುಳಿಗೆ ಇಟ್ಟುಕೊಂಡು ಅದರ ಮೇಲೆ ಹಗ್ಗ ಕಟ್ಟಿಕೊಳ್ಳಬೇಕೆಂದು ಪ್ರವಾದಿಗೆ ಹೇಳಿದನು. ಹಸಿವಿನಿಂದ ಸೊರಗಿದ ಮೈಯನ್ನು ಹಗ್ಗವು ಕೊಯ್ಯುತ್ತದೆಂಬುದು ಅವನಿಗೆ ಹೊಳೆಯಿತು. ನೋವುಂಡ ಮೈಗೆ ಮಾತ್ರ ಹೊಳೆಯುವ ಸಂಗತಿ ಅದು.

ಮೇಲೆ ಬೊಕ್ಕಸ, ಕೆಳಗೆ ಚಿಂದಿ. ಯೆಹೂದದ ಅರಸನ ಚಿನ್ನವೆಲ್ಲ ಬಾಬೆಲಿನವರ ಪಾಲಾಯಿತು. ದೇವರ ವಾಕ್ಯವನ್ನು ಬಾವಿಯಿಂದ ಮೇಲೆತ್ತಿದ್ದು ಕೆಳಗಿನ ಕೋಣೆಯ ಚಿಂದಿ. 39ನೆಯ ಅಧ್ಯಾಯದ ಕೊನೆಗೆ, ಪಟ್ಟಣ ಬಿದ್ದ ದಿನದಲ್ಲಿ ಈ ದಾಸನ ಪ್ರಾಣವು ಉಳಿಯುವುದೆಂದು ದೇವರು ಅವನಿಗಾಗಿಯೇ ಮಾತು ಕಳುಹಿಸುತ್ತಾನೆ. ಎಬೆದ್ಮೆಲೆಕನ ಭಾವಚಿತ್ರ ಎಂದರೆ ಇದೇ: ಮುಖದ ವರ್ಣನೆಯಿಲ್ಲ, ಉಡುಪಿನ ವರ್ಣನೆಯಿಲ್ಲ, ಇನ್ನೊಬ್ಬರ ನೋವನ್ನು ಮುಂದಾಗಿ ಕಂಡ ಒಂದು ಜೋಡಿ ಕೈ.

ಇಲ್ಲಿ ನಮ್ಮ ಅನುವಾದದ ಒಂದು ಮಾತನ್ನೂ ಯೋಚಿಸಬೇಕು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕ್ರಿಸ್ತನು ದಾಸನ ರೂಪವನ್ನು ಧರಿಸಿದನೆಂದು ಓದುತ್ತೇವೆ. ಕನ್ನಡದಲ್ಲಿ ದಾಸ ಎಂಬ ಪದಕ್ಕೆ ಪುರಂದರದಾಸ, ಕನಕದಾಸರ ಕಾಲದಿಂದ ಭಕ್ತಿಯ ಪರಿಮಳ ಅಂಟಿಕೊಂಡಿದೆ. ಮೂಲದ ಗ್ರೀಕ್ ಪದಕ್ಕೆ ಅಂಥ ಪರಿಮಳವಿರಲಿಲ್ಲ. ಸಂತೆಯಲ್ಲಿ ಕೊಂಡುತಂದ ಗುಲಾಮನನ್ನು ಕರೆಯುತ್ತಿದ್ದದ್ದು ಅದೇ ಪದದಿಂದ. ಗೋವೆಯ ಹಡಗುಕಟ್ಟೆಯಲ್ಲಿ ಇಳಿಸಿದ ಮನುಷ್ಯನ ರೂಪವನ್ನು ದೇವರ ಮಗನು ಧರಿಸಿದನೆಂದು ಓದಿದರೆ ಆ ವಾಕ್ಯವು ನಮ್ಮನ್ನು ಬೇರೆ ರೀತಿ ತಟ್ಟುತ್ತದೆ. ನೋಡಿ ಮೆಚ್ಚುವಂಥ ಚೆಲುವು ಅವನಲ್ಲಿರಲಿಲ್ಲವೆಂದು ಯೆಶಾಯನು 53ನೆಯ ಅಧ್ಯಾಯದಲ್ಲಿ ಹೇಳಿದ್ದು ಸಹ ಸಾಲ್ಮನ್ನನ ಚಿತ್ರದೊಡನೆ ಹೊಂದುವುದಿಲ್ಲ. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ದೀರ್ಘಕಾಲ ಕೆಲಸ ಮಾಡಿದ ಜ್ಯೋತಿ ಸಾಹಿ ಅವರು ತಮ್ಮ ದಲಿತ ಮರಿಯಳ ಚಿತ್ರದಲ್ಲಿ ತಾಯಿಯನ್ನು ಒರಳುಕಲ್ಲಾಗಿಯೂ ಮಗುವನ್ನು ಅದರೊಳಗಿನ ಗುಂಡಾಗಿಯೂ ಕಂಡರು. ಅರಸನ ಚೌಕಟ್ಟನ್ನು ಬಿಟ್ಟು ಅಡಿಗೆಮನೆಯಿಂದ ಭಾಷೆಯನ್ನು ತಂದ ಆ ಚಿತ್ರವು ನಾವು ಹೇಳುತ್ತಿರುವ ದಾರಿಯಲ್ಲೇ ಇದೆ.

ನಮ್ಮ ಗೋಡೆಗಳು, ನಮ್ಮ ಪುಟಗಳು

ವಿಮರ್ಶೆಯು ಇಷ್ಟಕ್ಕೆ ನಿಂತರೆ ಅದು ಬೇರೆಯವರ ಚಿತ್ರಗಳ ಮೇಲಿನ ಅಭಿಪ್ರಾಯವಾಗಿ ಉಳಿಯುತ್ತದೆ. ನಮ್ಮ ಕೈಯಲ್ಲಿರುವ ಚಿತ್ರವೊಂದನ್ನು ನೋಡೋಣ. ಪ್ರತಿವರ್ಷ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸಭೆಗಳಲ್ಲಿ ರಜಾ ಸತ್ಯವೇದ ಶಾಲೆ ನಡೆಯುತ್ತದೆ. ಅದರಲ್ಲಿ ಬಳಸುವ ಮಾತಿಲ್ಲದ ಪುಸ್ತಕವನ್ನು ಎಲ್ಲರೂ ಬಲ್ಲರು. 1866ರಲ್ಲಿ ಲಂಡನ್ನಿನ ಸ್ಪರ್ಜನ್ನರು ಕಪ್ಪು, ಕೆಂಪು, ಬಿಳಿ ಪುಟಗಳಿಂದ ರಕ್ಷಣೆಯನ್ನು ವಿವರಿಸಿದರು. ಚಿನ್ನದ ಬಣ್ಣವೂ ಹಸಿರೂ ಆಮೇಲೆ ಸೇರಿದವು. ಕಪ್ಪು ಪುಟ ಪಾಪದ ಹೃದಯ, ಬಿಳಿ ಪುಟ ತೊಳೆದ ಹೃದಯ. ಉದ್ದೇಶ ಒಳ್ಳೆಯದೇ. ಆದರೆ ಆ ಕಪ್ಪು ಪುಟವನ್ನು ಎತ್ತಿ ಹಿಡಿದಾಗ ಎದುರಿಗೆ ಕುಳಿತ ಕಪ್ಪು ಮೈಯ ಮಗು ತನ್ನ ತೋಳನ್ನು ನೋಡಿಕೊಳ್ಳುತ್ತದೆ. ಅಬುಲ್ ಹಸನ್ನನ ಚಿತ್ರದಲ್ಲಿದ್ದ ಲೆಕ್ಕವೂ ಈ ಪುಟದ ಲೆಕ್ಕವೂ ಒಂದೇ. ಮೊಗಲ ಚಕ್ರವರ್ತಿಯ ಅಹಂಕಾರವನ್ನು ಓದಿ ತಲೆದೂಗಿದ ನಾವು ನಮ್ಮ ಮಕ್ಕಳ ಪುಸ್ತಕದಲ್ಲಿ ಅದನ್ನು ಉಳಿಸಿಕೊಂಡಿದ್ದೇವೆ.

ಇದಕ್ಕೆ ಸತ್ಯವೇದದ ಆಧಾರವಿದೆಯೇ? ಯೆಶಾಯನ ಮೊದಲ ಅಧ್ಯಾಯದಲ್ಲಿ ಪಾಪಕ್ಕೆ ಕೊಟ್ಟ ಬಣ್ಣ ಕಡುಗೆಂಪು, ಕಪ್ಪಲ್ಲ. ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿ ಮೋಶೆಯು ಮದುವೆಯಾದ ಕೂಷ್ ದೇಶದ ಸ್ತ್ರೀಯ ನಿಮಿತ್ತ ಮಿರ್ಯಾಮಳು ಅವನಿಗೆ ವಿರೋಧವಾಗಿ ಮಾತನಾಡಿದಳು. ಆಗ ತೊನ್ನುಹತ್ತಿ ಅವಳ ಮೈ ಹಿಮದಂತೆ ಬೆಳ್ಳಗಾಯಿತು. ಬಿಳುಪನ್ನು ಶುದ್ಧಿಯೆಂದು ಮಾತ್ರ ತಿಳಿದಿರುವವರು ಈ ಅಧ್ಯಾಯವನ್ನು ಮತ್ತೊಮ್ಮೆ ನಿಧಾನವಾಗಿ ಓದಬೇಕು. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ, ಪೌಲನನ್ನೂ ಬಾರ್ನಬನನ್ನೂ ಸೇವೆಗೆ ಕಳುಹಿಸಿದ ಅಂತಿಯೋಕ್ಯ ಸಭೆಯ ಬೋಧಕರಲ್ಲಿ ನೀಗರನೆಂದು ಕರೆಯಲ್ಪಟ್ಟ ಸಿಮೆಯೋನನಿದ್ದಾನೆ. ಆ ಅಡ್ಡಹೆಸರಿನ ಅರ್ಥ ಕಪ್ಪು ಎಂದೇ. ಅನ್ಯಜನರ ಕಡೆಗೆ ಹೊರಟ ಮೊದಲ ಸೇವಾಯಾತ್ರೆಗೆ ಕೈಯಿಟ್ಟು ಆಶೀರ್ವದಿಸಿದವರಲ್ಲಿ ಕಪ್ಪನೆಂಬ ಹೆಸರಿನವನ ಕೈಯೂ ಇತ್ತು.

ಮದುವೆಯ ಜಾಹೀರಾತುಗಳಲ್ಲಿ ಬಿಳಿಯ ಮೈಬಣ್ಣದ ವಧು ಬೇಕೆಂದು ಕ್ರೈಸ್ತರೂ ಅಚ್ಚುಹಾಕಿಸುತ್ತಾರೆ. ಆಫ್ರಿಕದಿಂದ ಓದಲು ಬಂದವರನ್ನು ಕಂಡರೆ ಬಾಡಿಗೆ ಮನೆ ಖಾಲಿಯಿಲ್ಲವೆನ್ನುವ ಬೆಂಗಳೂರಿನ ಬೀದಿಗಳಲ್ಲೇ ನಮ್ಮ ಸಭಿಕರ ಮನೆಗಳೂ ಇವೆ. 2016ರಲ್ಲಿ ಇದೇ ನಗರದಲ್ಲಿ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ, ಬೇರೊಬ್ಬನು ಮಾಡಿದ ಅಪಘಾತದ ಸಿಟ್ಟನ್ನು ಗುಂಪು ತೀರಿಸಿಕೊಂಡಿತು. ಅವಳ ಮುಖ ಆ ಗುಂಪಿಗೆ ಕಾಣಲಿಲ್ಲ; ಕಂಡದ್ದು ಬಣ್ಣ ಮಾತ್ರ. ಭಾವಚಿತ್ರವು ನಮಗೆ ಕಲಿಸಬೇಕಾದದ್ದು ಇದನ್ನೇ: ಬಣ್ಣವನ್ನು ಕಾಣದಂತೆ ನಟಿಸದೆ, ಅದರಲ್ಲೇ ನಿಲ್ಲದೆ, ಒಬ್ಬನ ಮುಖದವರೆಗೆ ಹೋಗುವುದನ್ನು.

ಆದ್ದರಿಂದ ಕೆಲವು ಮಾತುಗಳನ್ನು ಓದುಗರ ಮುಂದಿಡುತ್ತೇವೆ. ಸಭಾಂಗಣದ ಗೋಡೆಗೆ ಹೊಸ ಚಿತ್ರ ಬೇಕೆಂದಾಗ ಸಾಲ್ಮನ್ನನ ಪ್ರತಿಯನ್ನೇ ಮತ್ತೆ ತರುವ ಅಗತ್ಯವಿಲ್ಲ. ಸಿದ್ದಿ ಮಹಿಳೆಯರಿಂದ ನ್ಯಾಯವಾದ ಬೆಲೆಗೆ ಒಂದು ಕವಂದಿಯನ್ನು ಕೊಂಡು ತರಬಹುದು. ಅದನ್ನು ತೂಗುಹಾಕಿದರೆ ಹೊಲಿದವಳ ಒಪ್ಪಿಗೆಯಿಂದ ಅವಳ ಹೆಸರನ್ನೂ ಊರನ್ನೂ ಕೆಳಗೆ ಬರೆಯಬೇಕು. ತೂಗುಹಾಕುವುದಕ್ಕಿಂತ ಅದನ್ನು ಕರ್ತನ ಭೋಜನದ ದಿನ ಮೇಜಿನ ಮೇಲೆ ಹಾಸುವುದು ಅದರ ಸ್ವಭಾವಕ್ಕೆ ಹೆಚ್ಚು ಒಪ್ಪುತ್ತದೆ. ಶ್ರಮವಾರದಲ್ಲಿ ಕುರೇನ್ಯದ ಸೀಮೋನನ ಮೇಲೆ ಪ್ರಸಂಗ ಮಾಡುವವರು ಆ ಊರು ಆಫ್ರಿಕದಲ್ಲಿತ್ತೆಂಬುದನ್ನೂ, ಅವನು ಶಿಲುಬೆಯನ್ನು ಹೊರಲು ಒಪ್ಪಿಕೊಂಡವನಲ್ಲ, ಬಲವಂತದಿಂದ ಹೊರಿಸಲ್ಪಟ್ಟವನೆಂಬುದನ್ನೂ ಹೇಳಲಿ. ಎಬೆದ್ಮೆಲೆಕನ ಅಧ್ಯಾಯದ ಮೇಲೆ ಪ್ರಸಂಗವನ್ನು ನಾವು ಅಪರೂಪವಾಗಿ ಕೇಳಿದ್ದೇವೆ. ಪ್ರಸಂಗಶಾಸ್ತ್ರದ ತರಗತಿಗಳಲ್ಲಿ ಅದನ್ನು ಅಭ್ಯಾಸಕ್ಕೆ ಕೊಡಬಹುದು.

ಮಾತಿಲ್ಲದ ಪುಸ್ತಕದ ವಿಷಯದಲ್ಲಿ ಕಾಯುವುದಕ್ಕೆ ಕಾರಣ ಕಾಣುವುದಿಲ್ಲ. ಮುಂದಿನ ರಜಾ ಶಾಲೆಗೆ ಪಾಠ ಸಿದ್ಧಪಡಿಸುವ ಶಿಕ್ಷಕರು ಮೊದಲ ಪುಟವನ್ನು ಯೆಶಾಯನ ಕಡುಗೆಂಪಿನಿಂದ ಮಾಡಿಕೊಳ್ಳಲಿ. ಕಪ್ಪು ಹಾಳೆ ಉಳಿದರೆ ಅದನ್ನು ಮಕ್ಕಳ ಕೈಗೆ ಕೊಟ್ಟು, ಬಾವಿಯ ಬಾಯಲ್ಲಿ ಬಗ್ಗಿ ನಿಂತು ಚಿಂದಿಯನ್ನು ಇಳಿಬಿಡುತ್ತಿರುವ ಎಬೆದ್ಮೆಲೆಕನ ಕೈಗಳನ್ನು ಅದರಲ್ಲಿ ಕತ್ತರಿಸಿ ಅಂಟಿಸಲು ಹೇಳಲಿ.